ನಂಜಮ್ಮನ ಮನೆಯ ಮುಂದಿನ ಗೋಡೆ

ಅರವತ್ತೈದನೇ ಇಸವಿಯ ಕೊನೆ. ನನಗೆ ಇಪ್ಪತ್ತಮೂರು ವರ್ಷ. ಜಯನಗರದಲ್ಲಿ ಗಾರೆ ಕೆಲಸ ಮಾಡುತ್ತಿದ್ದೆ. ಅಲ್ಲಿ ಬ್ಲಾಕಿಗೆ ಬ್ಲಾಕೇ ಹೊಸ ಮನೆಗಳು ಏಳುತ್ತಿದ್ದ ಕಾಲ, ಕೆಲಸಕ್ಕೆ ಬರವಿರಲಿಲ್ಲ. ಬೆಳಗ್ಗೆ ವಿಲ್ಸನ್ ಗಾರ್ಡನ್ನಿನಿಂದ ಸೈಕಲ್ ತುಳಿದು ಹೋಗುವುದು, ಸಂಜೆ ವಾಪಸು ಬರುವುದು. ಓದಿದ್ದು ಮೂರನೇ ಕ್ಲಾಸು. ಗೋಡೆಯನ್ನು ನೆಟ್ಟಗೆ ಎಬ್ಬಿಸುವುದು ಬಿಟ್ಟರೆ ಬೇರೆ ವಿದ್ಯೆ ನನಗೆ ಗೊತ್ತಿಲ್ಲ. ಆ ವಿದ್ಯೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ ಹೇಳುವುದು ಇದನ್ನೇ.

ಆ ವರ್ಷ ಮದರಾಸಿನ ಕಡೆಯಿಂದ ಬಂದ ಬಿರುಗಾಳಿ ಮಳೆ ನಮ್ಮನ್ನು ಮೂರು ದಿನ ಬಡಿಯಿತು. ಜಯನಗರದಲ್ಲಿ ಗೋಡೆ ಏರಿ ಕೆಲಸ ಮಾಡಲು ನಾವು ಬೊಂಬಿನಿಂದ ಕಟ್ಟಿದ್ದ ಸಾರುವೆ ಹಾರಿಹೋಯಿತು, ನಾಲ್ಕು ಮರ ಬಿದ್ದವು, ಅಷ್ಟೇ. ಹುಳಿಮಾವಿನಾಚೆ ಕೆರೆಯ ಅಂಚಿಗೆ ಒಂದು ಸಣ್ಣ ಹಟ್ಟಿ ಇತ್ತು. ಅಲ್ಲಿ ಹನ್ನೊಂದು ಮಣ್ಣಿನ ಮನೆ ಹೋದವು. ಮಣ್ಣಿನ ಗೋಡೆ ನೆನೆದರೆ ಕೂರುತ್ತದೆ. ಜೊತೆಗೆ ಗಾಳಿಯೂ ಸೇರಿದರೆ ಮಲಗುತ್ತದೆ. ಹೊಲದಲ್ಲಿದ್ದ ರಾಗಿಯೂ ಮಲಗಿತು.

ನಮ್ಮ ಮೇಸ್ತ್ರಿ ಹಿಂದೆ ಒಂದು ಚರ್ಚಿಗೆ ಕಾಂಪೌಂಡು ಕಟ್ಟಿಕೊಟ್ಟಿದ್ದರು. ಆ ಚರ್ಚಿನವರು ಹಟ್ಟಿಯಲ್ಲಿ ಮನೆ ಕಟ್ಟಿಕೊಡಲು ಹೊರಟಿದ್ದರು. ಕಲ್ಲು, ಇಟ್ಟಿಗೆ, ಹೆಂಚು ಎಲ್ಲ ಒಟ್ಟುಮಾಡಿದ್ದರು. ಕೆಲಸಕ್ಕೆ ಅವರ ಜನರೇ ಹೋಗುತ್ತಾರೆ, ಆದರೆ ಯಾರಿಗೂ ಗೋಡೆ ಕಟ್ಟಲು ಬರುವುದಿಲ್ಲ, ಒಬ್ಬ ಗಾರೆಯವನು ಬೇಕು ಎಂದರು. ಮೇಸ್ತ್ರಿ ನನ್ನನ್ನು ಕರೆದರು.

"ಮೂರು ವಾರ. ಪುಣ್ಯದ ಕೆಲಸ, ಹೋಗು."

"ಪುಣ್ಯ ಯಾರಿಗೆ, ನಿಮಗೋ ನನಗೋ?"

"ಕೂಲಿ ನಿನಗೆ, ಪುಣ್ಯ ನನಗೆ. ನಡಿ ನಡಿ."

ಮೊದಲನೇ ದಿನ ಲಾರಿಯಿಂದ ಹನ್ನೆರಡು ಜನ ಇಳಿದರು. ಟೀಚರ್ರು, ಗುಮಾಸ್ತರು, ಟೈಪಿಸ್ಟ್ ಹೆಂಗಸರು, ಒಬ್ಬಳು ನರ್ಸು. ಎಲ್ಲರೂ ರಜ ಹಾಕಿ ಬಂದವರು. ಅವರ ಮುಖಂಡರು ಡೇವಿಡ್ ಸಾರ್. ಸರ್ಕಾರಿ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್, ಅಂದರೆ ಕಟ್ಟಡದ ನಕ್ಷೆ ಬರೆಯುವವರು. ವಯಸ್ಸು ಐವತ್ತರ ಹತ್ತಿರ. ಹಟ್ಟಿಯವರು ಅವರನ್ನು ಪಾದ್ರಿ ಅಂದುಕೊಂಡಿದ್ದರು. ಅವರು ಎಷ್ಟು ಸಲ ಅಲ್ಲ ಎಂದರೂ "ಆಗ್ಲಿ ಬುಡಿ ಪಾದ್ರಿಗಳೇ" ಎಂದೇ ಉತ್ತರ ಬರುತ್ತಿತ್ತು.

ಎಲ್ಲರೂ ಸುತ್ತ ನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ನಾನು ಏನು ಮಾಡಬೇಕೋ ತಿಳಿಯದೆ ಕರಣೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಆಮೇಲೆ ಕೆಲಸ ಶುರುವಾಯಿತು. ಪೀಟರ್ ಅಂತ ಒಬ್ಬ, ನನ್ನ ವಯಸ್ಸಿನವನೇ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ಮಣ್ಣು ತುಂಬಿದ ಬಾಂಡಲಿಯನ್ನು ತಲೆಗೆ ಸಿಂಬೆ ಕೂಡ ಇಡದೆ ಎತ್ತಿಕೊಂಡ. ನಾಲ್ಕು ಹೆಜ್ಜೆಗೆ ಅರ್ಧ ಮಣ್ಣು ಅಂಗಿಯೊಳಗೆ ಹೋಯಿತು. ಹಟ್ಟಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ನಗಿ ಅಕ್ಕಾ, ನಗಿ," ಎಂದ ಪೀಟರ್. "ನೀವು ನಮ್ಮ ಆಫೀಸಿಗೆ ಬಂದು ಒಂದು ಚೀಲ ಕಾಗದ ವಿಂಗಡಿಸಿ, ಆಗ ನಾನು ನಗ್ತೀನಿ."

ಮಧ್ಯಾಹ್ನ ನಾನು ಡೇವಿಡ್ ಸಾರ್‌ಗೆ ನೇರವಾಗಿ ಕೇಳಿದೆ.

"ಸಾರ್, ಇದರಿಂದ ನಿಮಗೇನು ಸಿಗುತ್ತೆ?"

"ಏನೂ ಇಲ್ಲಪ್ಪ."

"ಮತ್ತೆ ಯಾಕೆ ಬಂದ್ರಿ?"

"ಮನೆ ಬಿದ್ದಿದೆಯಲ್ಲ."

"ಮನೆ ಎಲ್ಲಾ ಕಡೆ ಬೀಳ್ತವೆ ಸಾರ್."

ಅವರು ನಕ್ಕು ಕನ್ನಡಕ ಒರೆಸಿಕೊಂಡರು. ಅದು ಉತ್ತರವಾ ಅಲ್ಲವಾ ನನಗೆ ತಿಳಿಯಲಿಲ್ಲ. ಹಟ್ಟಿಯವರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಚಿಕ್ಕಣ್ಣ ಅಂತ ಒಬ್ಬ ಮುದುಕ ಇದ್ದ. ಅರವತ್ತು ದಾಟಿದವನು. ಮನೆ ಬಿದ್ದ ಮೇಲೆ ಅವನೂ ಅವನ ಹೆಂಡತಿಯೂ ಒಂದು ಹುಲ್ಲಿನ ಮರೆಯಲ್ಲಿ ಇದ್ದರು. ಒಂದು ವಾರ ಕಳೆದ ಮೇಲೆ ಅವನು ಹೇಳಿದ, "ನಮ್ಮನ್ನ ಅವರ ಮತಕ್ಕೆ ಸೇರಿಸ್ಕೊಳ್ಳೋಕೆ ಬಂದವ್ರೆ ಅಂತ ಮೊದ್ಲು ಅಂದ್ಕೊಂಡ್ವಿ. ಕೇಳಿದ್ರೆ ಏನು ಹೇಳೋದು ಅಂತ ಮಾತೂ ಆಡ್ಕೊಂಡಿದ್ವಿ. ಇಷ್ಟು ದಿನ ಆಯ್ತು, ಕೇಳ್ತಾನೇ ಇಲ್ಲ. ಬುಟ್ಟಿ ಕೊಡು, ನೀರು ಕೊಡು ಅಂತಾರೆ ಅಷ್ಟೆ."

ಮನೆ ಕಳೆದುಕೊಂಡ ಹನ್ನೊಂದು ಕುಟುಂಬಗಳಲ್ಲಿ ಏಳು ನೆಂಟರ ಊರಿಗೆ ಹೋಗಿಯೋ ತಾವೇ ಗೋಡೆ ಹಾಕಿಕೊಂಡೋ ಸುಧಾರಿಸಿಕೊಂಡಿದ್ದವು. ಉಳಿದವು ನಾಲ್ಕು. ಚರ್ಚಿನವರ ಹತ್ತಿರ ಇದ್ದ ಸಾಮಾನು ಮೂರು ಮನೆಗೆ ಮಾತ್ರ. ಡೇವಿಡ್ ಸಾರ್ ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡಿದ್ದರು. ಬರೆದುಕೊಳ್ಳುವ ದಿನ ಎಲ್ಲರಿಗೂ ಒಂದೇ ಪ್ರಶ್ನೆ: ಮನೆಯಲ್ಲಿ ದವಸ ಧಾನ್ಯ ಏನಾದರೂ ಉಳಿದಿದೆಯಾ? ಮನೆಯೂ ಇಲ್ಲ, ಕಾಳೂ ಇಲ್ಲ ಎಂದವರಿಗೆ ಮೊದಲು. ಆ ಲೆಕ್ಕದಲ್ಲಿ ಮೂರನೇ ಹೆಸರು ನಂಜಮ್ಮ. ಗಂಡ ತೀರಿಕೊಂಡು ಮೂರು ವರ್ಷ, ಇಬ್ಬರು ಹೆಣ್ಣುಮಕ್ಕಳು. ನಾಲ್ಕನೇ ಹೆಸರು ಚಿಕ್ಕಣ್ಣ, ಅವನೂ ಕಾಳಿಲ್ಲ ಎಂದಿದ್ದ, ಆದರೆ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲದ್ದರಿಂದ ಕೊನೆಗೆ. ಮೂವರಲ್ಲಿ ಯಾರಾದರೂ ಬೇಡ ಎಂದರೆ ಮನೆ ಅವನಿಗೆ.

ಮೊದಲ ಎರಡು ಮನೆ ಹನ್ನೆರಡು ದಿನಕ್ಕೆ ಎದ್ದವು. ಹದಿನೆಂಟಡಿ ಉದ್ದ, ಹನ್ನೆರಡಡಿ ಅಗಲ. ಎರಡಡಿ ಆಳದ ಪಾಯಕ್ಕೆ ಕಲ್ಲು, ಮೇಲೆ ಇಟ್ಟಿಗೆ, ಅದರ ಮೇಲೆ ಹೆಂಚು. ಟೈಪಿಸ್ಟ್ ಹೆಂಗಸರ ಕೈ ಬೊಬ್ಬೆ ಬಂದು ಒಡೆದು ಮತ್ತೆ ಬೊಬ್ಬೆ ಬಂತು. ಆದರೂ ಮಾರನೇ ದಿನ ಅದೇ ಲಾರಿಯಲ್ಲಿ ಬರುತ್ತಿದ್ದರು. ಅವರು ಇಟ್ಟ ಇಟ್ಟಿಗೆಯನ್ನು ಅರ್ಧಕ್ಕರ್ಧ ನಾನು ಕಿತ್ತು ಮತ್ತೆ ಇಡುತ್ತಿದ್ದೆ. ಒಬ್ಬನೇ ಆಗಿದ್ದರೆ ಇನ್ನೂ ಬೇಗ ಆಗುತ್ತಿತ್ತೇನೋ ಎಂದು ಒಂದೊಂದು ಸಲ ಅನ್ನಿಸುತ್ತಿತ್ತು. ಪೀಟರ್‌ಗೆ ಅದನ್ನು ಹೇಳಿಯೂ ಹೇಳಿದೆ. "ಹಂಗಾದ್ರೆ ನಾವು ಹೋದ್ಮೇಲೆ ನಿನ್ನ ಜೊತೆ ಮಾತಾಡೋರು ಯಾರು ಗುರು, ಇಟ್ಟಿಗೆನಾ?" ಎಂದ.

ಕ್ರಿಸ್‌ಮಸ್‌ಗೆ ಮೊದಲು ಮೂರನೆಯದೂ ಮುಗಿಯಬೇಕಿತ್ತು. ರಜ ಇದ್ದದ್ದೇ ಅಲ್ಲಿಯವರೆಗೆ. ಒಂಬತ್ತು ದಿನ ಉಳಿದಿತ್ತು.

ನಂಜಮ್ಮನ ಹಳೇ ಮನೆ ಕೆರೆಗೆ ತೀರ ಹತ್ತಿರ. ಹಿಂದುಗಡೆ ನೆಲದಲ್ಲಿ ಹಾರೆ ಹಾಕಿದರೆ ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿಯುತ್ತಿತ್ತು. ಡೇವಿಡ್ ಸಾರ್ ನೋಡಿ, ಮನೆಯನ್ನು ಆರಡಿ ಮುಂದಕ್ಕೆ ತರೋಣ ಎಂದರು. ಸರಿಯಾದ ಮಾತು. ಗೂಟ ಹೊಡೆದು ದಾರ ಕಟ್ಟಿದೆ. ನಂಜಮ್ಮ ಬಂದಳು. ಬಡಕಲು ಹೆಂಗಸು, ಮೂವತ್ತು ವರ್ಷ ಇರಬಹುದು. ಮಾತು ಕಡಿಮೆ.

"ಅಣ್ಣಯ್ಯ, ಮುಂದಲ ಗ್ವಾಡೆ ಇಲ್ಲಿಗೆ ಬ್ಯಾಡ. ಒಸಿ ಹಿಂದಕ್ಕೆ ಹಾಕು."

"ಹಿಂದೆ ನೆಲ ಮೆತ್ತಗಿದೆ. ಮತ್ತೆ ಬೀಳುತ್ತೆ."

"ಇಲ್ಲಿ ನಾಗರಹಾವು ಓಡಾಡ್ತದೆ. ಬ್ಯಾಡ."

ಹಾವಿನ ಹುತ್ತ ಎಲ್ಲೂ ಕಾಣಲಿಲ್ಲ. ಪಾಯ ಅಗೆಯುವುದು ನಾಳೆಗೆ ಇಟ್ಟುಕೊಂಡು ಹೋದೆವು. ಬೆಳಗ್ಗೆ ಬಂದರೆ ಮುಂದಿನ ಎರಡು ಗೂಟ ಕಿತ್ತು ಬಿದ್ದಿದ್ದವು. ಮತ್ತೆ ಹೊಡೆದೆ. ನಂಜಮ್ಮ ಬಂದು ಈ ಸಲ ಬಾಗಿಲಿನ ದಿಕ್ಕು ಸರಿ ಇಲ್ಲ ಎಂದಳು. ಬಾಗಿಲು ಹಳೇ ಮನೆಗೆ ಇದ್ದ ದಿಕ್ಕಿಗೇ ಇತ್ತು. ಅದನ್ನು ತೋರಿಸಿದೆ. ಆದರೂ ಅವಳು ಅಲ್ಲಿಂದ ಕದಲಲಿಲ್ಲ. ಎರಡು ಗೂಟದ ನಡುವೆ, ದಾರದ ಕೆಳಗೇ ಕೂತುಬಿಟ್ಟಳು. ಹೆಂಗಸು ಕೂತಿರುವಾಗ ಗುದ್ದಲಿ ಎತ್ತುವುದು ಹೇಗೆ? ಪಕ್ಕದ ಗೋಡೆಯ ಪಾಯ ತೆಗೆದುಕೊಂಡು ಇದ್ದೆವು.

ಮೂರನೇ ದಿನ ಗೂಟಗಳು ಇರಲೇ ಇಲ್ಲ. ದಾರವೂ ಇಲ್ಲ. ಕೇಳಿದರೆ, "ನಮ್ಮ ಯಜಮಾನ್ರು ಅಲ್ಲೇ ಕೂತ್ಕತಿದ್ರು. ಅಲ್ಲಿ ಗ್ವಾಡೆ ಬರಬಾರ್ದು" ಎಂದಳು.

ನನ್ನ ತಲೆ ಕೆಟ್ಟಿತು. "ನೋಡಮ್ಮ, ಒಂದು ದಿನ ಹಾವು, ಒಂದು ದಿನ ದಿಕ್ಕು, ಇವತ್ತು ಗಂಡ. ಯಾವುದಾದ್ರೂ ಒಂದು ಹೇಳು. ನಿನಗೆ ಮನೆ ಬೇಕೋ ಬೇಡವೋ?"

ಅವಳು ನನ್ನ ಮುಖ ನೋಡಿದಳು. "ಬೇಕು" ಎಂದಳು. ಅಷ್ಟೇ.

ನಾವೆಲ್ಲ ಕೂತು ಮಾತಾಡಿಕೊಂಡೆವು. ನರ್ಸು, ಅದು ದುಃಖ, ಗಂಡನ ನೆನಪು ಎಂದಳು. ಪೀಟರ್, ಅಲ್ಲಿ ಬಂಗಾರ ಹೂತಿಟ್ಟಿರಬೇಕು ಎಂದು ತಮಾಷೆ ಮಾಡಿದ. ನನಗೆ ಬೇರೆ ಅನುಮಾನ ಬಂತು. ಗೂಟ ಕಿತ್ತರೆ ಲಾಭ ಯಾರಿಗೆ? ನಂಜಮ್ಮ ಬೇಡ ಎಂದರೆ ಮನೆ ಚಿಕ್ಕಣ್ಣನಿಗೆ. ಅವನೇ ಅವಳಿಗೆ ಏನೇನೋ ಹೇಳಿ ಹೆದರಿಸಿದ್ದಾನೆ, ಗೂಟ ಕೀಳುವವನೂ ಅವನೇ. ನನಗೆ ಇದು ಕೈಯಲ್ಲಿಟ್ಟ ಹಾಗೆ ಸ್ಪಷ್ಟವಾಯಿತು. ಹೋಗಿ ಅವನ ಹುಲ್ಲಿನ ಮರೆಯ ಮುಂದೆ ನಿಂತು, ಹತ್ತು ಜನ ಕೇಳುವ ಹಾಗೆ ಕೇಳಿದೆ.

"ಏನಜ್ಜ, ವಿಧವೆ ಮನೆ ಗೂಟ ಕಿತ್ತು ನೀನು ಮನೆ ಕಟ್ಟಿಸ್ಕೋಬೇಕಾ?"

ಚಿಕ್ಕಣ್ಣ ಎದ್ದು ನಿಂತ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ.

"ಪ್ಯಾಟೆಯೋನು ನೀನು. ನಿಂಗೆ ಗೊತ್ತಾಗಲ್ಲ, ಹೋಗು ತಮ್ಮ."

"ಗೊತ್ತಾಗೋ ಹಾಗೆ ಹೇಳು."

"ಹೇಳಬೇಕಾದೋಳು ಅವಳು. ನಾನಲ್ಲ."

ಒಳಗಿಂದ ಅವನ ಹೆಂಡತಿ, "ಗಾರೆ ಕಲ್ಸಾಕೆ ಬಂದೋನು ಊರೇ ಕಲಸ್ತಾನೆ" ಎಂದಳು. ಸುತ್ತ ಇದ್ದವರು ನಕ್ಕರು. ನಾನು ಸಿಟ್ಟಿನಿಂದ ವಾಪಸು ಬಂದೆ. ಹಟ್ಟಿಯವರೆಲ್ಲರಿಗೂ ಏನೋ ಗೊತ್ತಿದೆ, ಚರ್ಚಿನ ಹನ್ನೆರಡು ಜನಕ್ಕೂ ನನಗೂ ಮಾತ್ರ ಗೊತ್ತಿಲ್ಲ ಅನ್ನುವುದು ಅಷ್ಟರಲ್ಲಿ ತಿಳಿದಿತ್ತು. ಏನು ಅನ್ನುವುದು ತಿಳಿದಿರಲಿಲ್ಲ.

ಆ ಸಂಜೆ ಡೇವಿಡ್ ಸಾರ್ ನಂಜಮ್ಮನನ್ನು ಕರೆದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ಅವತ್ತೂ ಬರಲಿಲ್ಲ, ಆದರೆ ಮಾತು ಗಟ್ಟಿಯಾಗಿತ್ತು.

"ನಂಜಮ್ಮನೋರೆ, ಮೂರು ದಿನ ವೇಸ್ಟ್ ಆಯ್ತು. ಇನ್ನು ಆರೇ ದಿನ ಇರೋದು. ಬೆಳಗ್ಗೆ ನಾವು ಬಂದಾಗ ಸರಿ ಅಂದ್ರೆ ಪಾಯ ತೋಡ್ತೀವಿ. ಬೇಡ ಅಂದ್ರೆ ಸಾಮಾನೆಲ್ಲ ಚಿಕ್ಕಣ್ಣನ ಜಾಗಕ್ಕೆ ಹೊರ್ತೀವಿ. ನನಗೆ ಬೇರೆ ದಾರಿ ಇಲ್ಲಮ್ಮ."

ಸಣ್ಣ ಮಗಳು ಅವಳ ಸೀರೆ ಹಿಡಿದುಕೊಂಡು, "ಅವ್ವ, ನಮ್ಮನೆ ಇಲ್ವಾ?" ಎಂದು ಕೇಳುತ್ತಿದ್ದಳು.

ಮಾರನೇ ಬೆಳಗ್ಗೆ ಅವಳು ಜಾಗದಲ್ಲೇ ನಿಂತಿದ್ದಳು. "ಹಾಕಿ" ಎಂದಳು. ಹೇಳಿ, ಬಿಂದಿಗೆ ಎತ್ತಿಕೊಂಡು ಕೆರೆಯ ಕಡೆ ಹೋದಳು. ತಿರುಗಿ ನೋಡಲಿಲ್ಲ.

ದಾರ ಕಟ್ಟಿದೆ. ನಾನೇ ಹಾರೆ ಹಿಡಿದೆ. ಒಂದೂವರೆ ಅಡಿ ಇಳಿದಿರಬೇಕು, ಹಾರೆ ಟಂಗ್ ಎಂದಿತು. ಕಲ್ಲಿಗೆ ತಾಗಿದರೆ ಬರುವ ಸದ್ದಲ್ಲ, ಕೆಳಗೆ ಪೊಳ್ಳಿರುವ ಸದ್ದು. ಮಣ್ಣು ಸರಿಸಿದರೆ ಒಂದು ಚಪ್ಪಡಿ, ಎರಡಡಿ ಅಗಲ. ಪೀಟರ್ ಬಂದ. "ಹೇಳಿದ್ನಲ್ಲ ಗುರು, ಬಂಗಾರ" ಎಂದ. ಹಳೇ ಚಪ್ಪಡಿಯ ಮೇಲೆ ಪಾಯ ಕೂರಿಸಬಾರದು, ಕೆಳಗೆ ಏನಿದೆ ನೋಡಲೇಬೇಕು. ಇದು ನನ್ನ ಕೆಲಸದ ನಿಯಮ. ಯಾರನ್ನೂ ಕೇಳದೆ ಹಾರೆ ಸಂದಿಗೆ ಹಾಕಿ ಮೀಟಿದೆ. ಇಬ್ಬರೂ ಸೇರಿ ಚಪ್ಪಡಿ ಹೊರಳಿಸಿದೆವು.

ಒಬ್ಬ ಮನುಷ್ಯ ಇಳಿಯುವಷ್ಟು ದುಂಡನೆ ಬಾಯಿ. ಒಳಗೆ ಕತ್ತಲು. ಹುಳಿ ಹುಳಿ ವಾಸನೆ, ಮುಖಕ್ಕೆ ಬಿಸಿ ಬಡಿಯಿತು. ಸ್ವಲ್ಪ ಕೆಳಗೆ ಏನೋ ಕಪ್ಪಗೆ ಕಾಣುತ್ತಿತ್ತು. ಪೀಟರ್ ಬಾಯಿಯ ಅಂಚು ಹಿಡಿದು ಜೋತುಬಿದ್ದು ಕಾಲು ಇಳಿಬಿಟ್ಟ. "ತಳ ಸಿಕ್ತು, ಮೆತ್ತಗಿದೆ" ಎಂದ. ಇಳಿದು ನಿಂತ. ಅವನ ತಲೆ ನೆಲಕ್ಕಿಂತ ಒಂದು ಗೇಣು ಕೆಳಗೆ. ನನ್ನ ಕಡೆ ನೋಡಿ ನಕ್ಕು, ಏನೆಂದು ನೋಡಲು ಬಗ್ಗಿದ.

ಮತ್ತೆ ಏಳಲಿಲ್ಲ.

"ಪೀಟರ್" ಎಂದೆ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನು ತಮಾಷೆಯವನೇ. ಇನ್ನೊಂದು ಸಲ ಕರೆದೆ. ಅಷ್ಟರಲ್ಲಿ ಕೆರೆಯ ಕಡೆಯಿಂದ ನಂಜಮ್ಮ ಓಡಿ ಬರುತ್ತಿದ್ದಳು. ಬಿಂದಿಗೆ ಎಲ್ಲೋ ಬಿಸಾಕಿದ್ದಳು. "ಇಳೀಬ್ಯಾಡ್ರಪ್ಪೋ, ಇಳೀಬ್ಯಾಡ್ರಿ" ಎಂದು ಒಂದೇ ಸಮನೆ ಕೂಗುತ್ತಿದ್ದಳು. ನಾನು ಒಳಗೆ ಕಾಲು ಹಾಕಿದೆ. ಹಿಂದಿನಿಂದ ಯಾರೋ ನನ್ನ ಕೂದಲು ಹಿಡಿದು ಎಳೆದು ನೆಲಕ್ಕೆ ಕೆಡವಿದರು. ಚಿಕ್ಕಣ್ಣ.

"ನೀನೂ ಹೋಗ್ಬ್ಯಾಡ. ಒಂದು ಹೆಣ ಸಾಕು."

ಹಾಗೆಂದವನೇ, "ಪಾತಾಳಗರಡಿ ತನ್ನಿ, ಮೊರ ತನ್ನಿ, ಕಂಬಳಿ ತನ್ನಿ" ಎಂದು ಕೂಗಿದ. ಬಾವಿಗೆ ಬಿದ್ದ ಬಿಂದಿಗೆ ಎತ್ತಲು ಹಗ್ಗಕ್ಕೆ ಕಟ್ಟುವ ಕೊಕ್ಕೆಗಳ ಗೊಂಚಲಿಗೆ ಪಾತಾಳಗರಡಿ ಎನ್ನುತ್ತಾರೆ. ಅವನ ಹೆಂಡತಿಯೇ ತಂದಳು. ಚಿಕ್ಕಣ್ಣ ಬಾಯಿಯ ಪಕ್ಕ ಮಲಗಿ, ಉಸಿರು ಬಿಗಿಹಿಡಿದು, ಕೊಕ್ಕೆಯನ್ನು ಪೀಟರ್‌ನ ಸೊಂಟದ ಬೆಲ್ಟಿಗೆ ಸಿಕ್ಕಿಸಿದ. ಒಂದು ಸಲ ತಪ್ಪಿತು. ಎರಡನೇ ಸಲ ಸಿಕ್ಕಿತು. ಹೆಂಗಸರು ಮೊರದಿಂದ, ಕಂಬಳಿಯಿಂದ ಬಾಯಿಗೆ ಗಾಳಿ ಬೀಸಿದರು. ಡೇವಿಡ್ ಸಾರ್, ನಾನು, ಇನ್ನಿಬ್ಬರು ಹಗ್ಗ ಎಳೆದೆವು. ಪೀಟರ್ ಮೀನಿನ ಹಾಗೆ ಮಡಿಸಿಕೊಂಡು ಮೇಲೆ ಬಂದ. ಮುಖ ನೀಲಿ.

ನರ್ಸು ಅವನ ಮೇಲೆ ಕೂತು ಎದೆ ಒತ್ತಿದಳು, ಬಾಯಿಗೆ ಗಾಳಿ ಊದಿದಳು. ಎಷ್ಟು ಹೊತ್ತು ಎಂದು ಹೇಳಲಾರೆ. ಡೇವಿಡ್ ಸಾರ್ ಮೊಣಕಾಲೂರಿ ಕೂತಿದ್ದರು, ಅವರ ತುಟಿ ಆಡುತ್ತಿತ್ತು. ಹಟ್ಟಿಯ ಹೆಂಗಸರೂ ತಮ್ಮ ದೇವರ ಹೆಸರು ಹೇಳುತ್ತಿದ್ದರು. ಕೊನೆಗೆ ಪೀಟರ್ ಕೆಮ್ಮಿದ. ವಾಂತಿ ಮಾಡಿಕೊಂಡ. ಕಣ್ಣು ಬಿಟ್ಟು ಎಲ್ಲರನ್ನೂ ನೋಡಿ, "ನನ್ನ ಚಪ್ಪಲಿ ಒಳಗಿದೆ" ಎಂದ.

ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಅದು ಹಗೇವು. ಪೇಟೆಯಲ್ಲಿ ಹುಟ್ಟಿದ ನಾನು ಅದುವರೆಗೆ ನೋಡಿರಲಿಲ್ಲ. ರಾಗಿ ಇಡಲು ನೆಲದಲ್ಲಿ ತೋಡುವ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ಗುಡಾಣದ ಹಾಗೆ. ತುಂಬಿಸಿ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಮೇಲಿಂದ ಗೊತ್ತೇ ಆಗುವುದಿಲ್ಲ. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಗುಂಡಿಯಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಕಾಳು ನೆನೆದಿದ್ದರೆ ಇನ್ನೂ ಜಾಸ್ತಿ. ತೆರೆದು ಅರ್ಧ ದಿನ ಬಿಟ್ಟು, ಹಗ್ಗದಲ್ಲಿ ಲಾಟೀನು ಇಳಿಸಿ ನೋಡಬೇಕು. ದೀಪ ಆರಿದರೆ ಇಳಿಯಬಾರದು. ಹಟ್ಟಿಯ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಅವತ್ತು ಚಿಕ್ಕಣ್ಣ ಲಾಟೀನು ಇಳಿಸಿ ತೋರಿಸಿದ. ಮೂರು ಸಲವೂ ಆರಿತು.

ಪೀಟರ್‌ನನ್ನು ನರ್ಸು ಲಾರಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಉಳಿದವರೆಲ್ಲ ಆ ಗುಂಡಿಯ ಸುತ್ತ ನಿಂತಿದ್ದೆವು. ಈಗ ಎಲ್ಲರಿಗೂ ಎಲ್ಲ ಗೊತ್ತಾಗಿತ್ತು. ನಂಜಮ್ಮ ಕಾಳಿಲ್ಲ ಎಂದು ಹೇಳಿ ಹೆಸರು ಬರೆಸಿದ್ದಳು. ಇಲ್ಲಿ ಆರು ಪಲ್ಲ ರಾಗಿ ಇತ್ತು. ಪಲ್ಲ ಅಂದರೆ ನೂರು ಸೇರು. ಹೊಲದ ಬೆಳೆ ಮಲಗಿದ ಮೇಲೆ ಅವಳೂ ಮಕ್ಕಳೂ ಮುಂದಿನ ವರ್ಷ ತಿನ್ನಬೇಕಾದದ್ದು ಅದೇ. ಮಳೆಯಲ್ಲಿ ನೀರು ಇಳಿದಿರಬಹುದು ಎಂದು ಅವಳಿಗೆ ಅನುಮಾನ ಇತ್ತು. ನಾವು ಹೋದ ಮೇಲೆ ತೆಗೆದು ಒಣಗಿಸೋಣ ಎಂದುಕೊಂಡಿದ್ದಳು. ನಾವು ಅದರ ಮೇಲೇ ಗೋಡೆ ತಂದೆವು. ಹೇಳಿದರೆ ಮನೆ ಹೋಗುತ್ತದೆ. ಹೇಳದಿದ್ದರೆ ರಾಗಿ ಹೋಗುತ್ತದೆ. ಆ ಬೆಳಗ್ಗೆ 'ಹಾಕಿ' ಎಂದಾಗ ಅವಳು ರಾಗಿಯನ್ನು ಬಿಟ್ಟಿದ್ದಳು. ಪಾಯ ಚಪ್ಪಡಿಯ ಮೇಲೇ ನಿಲ್ಲುತ್ತದೆ, ನಾವು ತೆಗೆಯುವುದಿಲ್ಲ ಎಂದುಕೊಂಡಿದ್ದಳಂತೆ.

ಅವಳು ಡೇವಿಡ್ ಸಾರ್ ಮುಂದೆ ಬಂದು ನಿಂತಳು. "ನಿಮ್ಮ ಹುಡುಗ ಸಾಯ್ತಿದ್ದ ಸ್ವಾಮಿ. ನನ್ನ ಹೆಸರು ಹೊಡೆದುಹಾಕಿ" ಎಂದಳು.

ಡೇವಿಡ್ ಸಾರ್ ಜೇಬಿನಿಂದ ನೋಟ್‌ಬುಕ್ ತೆಗೆದರು. ಚಿಕ್ಕಣ್ಣನ ಕಡೆ ನೋಡಿದರು. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳಿದ್ರೆ ಮನೆ ನಿಮಗೆ ಬರ್ತಿತ್ತಲ್ಲ."

"ಯಾರ ಹಗೇವು ಎಲ್ಲೈತೆ ಅಂತ ಊರಿಗೆ ಗೊತ್ತಿರ್ತದೆ. ಹೊರಗಿನೋರಿಗೆ ಹೇಳೋ ವಾಡಿಕೆ ಇಲ್ಲ." ಲಾಟೀನಿನ ಹಗ್ಗ ಸುತ್ತುತ್ತಾ ಮತ್ತೆ ಹೇಳಿದ, "ಸುಳ್ಳು ಹೇಳಿದ್ದು ಅವಳೊಬ್ಬಳೇ ಅಲ್ಲ. ನೀವು ಬರ್ಕೊಂಡ ದಿನ ನಾವೆಲ್ಲ ಪಕ್ಕದಲ್ಲೇ ನಿಂತಿದ್ವಿ."

"ನಿಮ್ಮ ಹಗೇವಿನಲ್ಲಿ?"

"ಕೆರೆ ನೀರು."

ಡೇವಿಡ್ ಸಾರ್ ನೋಟ್‌ಬುಕ್ ತೆರೆಯಲೇ ಇಲ್ಲ. ಹಾಗೇ ಜೇಬಿಗೆ ಹಾಕಿಕೊಂಡರು. ನಂಜಮ್ಮನನ್ನು ಕೇಳಿದ್ದು ಒಂದೇ ಮಾತು. "ರಾಗಿ ಪೂರ್ತಿ ಕೆಟ್ಟಿದೆಯಾ, ಸ್ವಲ್ಪ ಉಳಿದಿದೆಯಾ?"

ಮಧ್ಯಾಹ್ನ ಲಾಟೀನು ಆರದೆ ನಿಂತಿತು. ಹಟ್ಟಿಯ ಗಂಡಸರು ಒಬ್ಬೊಬ್ಬರಾಗಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಬುಟ್ಟಿ ಬುಟ್ಟಿ ಮೇಲೆ ಬಂತು. ಗೋಡೆಗೆ ತಾಗಿದ್ದ ರಾಗಿ, ಮೇಲಿನ ಪದರ ಎಲ್ಲ ಕಪ್ಪಗೆ ಗಟ್ಟಿಯಾಗಿತ್ತು. ಎರಡು ಪಲ್ಲದಷ್ಟು ಹೋಗಿತ್ತು. ನಡುವಿನದು ಬಿಸಿಯಾಗಿತ್ತು, ಒದ್ದೆಯಾಗಿತ್ತು, ಆದರೆ ಇನ್ನೂ ಕೆಟ್ಟಿರಲಿಲ್ಲ. ತಕ್ಷಣ ಹರಡಿ ತಿರುವಿ ಒಣಗಿಸದಿದ್ದರೆ ಅದೂ ಮೊಳಕೆ ಬರುತ್ತದೆ ಎಂದರು.

ಡೇವಿಡ್ ಸಾರ್ ಗೋಡೆ ಕೆಲಸ ನಿಲ್ಲಿಸಿದರು. ಆ ದಿನ, ಮಾರನೇ ದಿನ, ಅದರ ಮಾರನೇ ದಿನವೂ ಅವರ ಜನರೆಲ್ಲ ರಾಗಿ ಒಣಗಿಸಿದರು. ಬಂಡೆಯ ಮೇಲೆ, ನಾವು ತಂದಿದ್ದ ಟಾರ್ಪಾಲಿನ ಮೇಲೆ, ಮುಗಿದ ಎರಡು ಮನೆಗಳ ನೆಲದ ಮೇಲೆ. ಟೈಪಿಸ್ಟ್ ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಕಾಲಿನಿಂದ ಗೆರೆ ಗೆರೆ ಎಳೆಯುತ್ತಾ ತಿರುವುತ್ತಿದ್ದರು. ಮೋಡ ಬಂದರೆ ಎಲ್ಲರೂ ಓಡುತ್ತಿದ್ದರು. ಪಾಯದಲ್ಲಿ ನಾನೊಬ್ಬನೇ.

ನನಗೆ ಸಿಟ್ಟು. ಇದ್ದದ್ದೇ ಆರು ದಿನ. ಅದರಲ್ಲಿ ಮೂರು ಹೀಗೆ ಹೋದರೆ ಮನೆ ಮುಗಿಯುತ್ತದಾ? ಇಷ್ಟೆಲ್ಲ ಆದ ಮೇಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಗೋಡೆಯೇ. ಹೋಗಿ ಡೇವಿಡ್ ಸಾರ್‌ಗೆ ಕೇಳಿದೆ. ಅವರು ಪ್ಯಾಂಟು ಮಡಿಸಿಕೊಂಡು ರಾಗಿಯ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು.

"ಸಾರ್, ನಾವು ಬಂದಿದ್ದು ಮನೆ ಕಟ್ಟೋಕೋ, ರಾಗಿ ಒಣಗಿಸೋಕೋ?"

ಅವರು ನಿಂತು ಯೋಚನೆ ಮಾಡಿದರು. "ನಿಜ ಹೇಳ್ಬೇಕಂದ್ರೆ ನನಗೂ ಗೊತ್ತಾಗ್ತಾ ಇಲ್ಲ ಕಣಪ್ಪ. ಆ ಪ್ರಶ್ನೆ ನಾನು ಕೇಳಲೇಬಾರದಿತ್ತು, ಕಾಳಿದೆಯಾ ಅಂತ. ಹೋಗ್ಲಿ, ಮುಂದಿನ ಗೋಡೆ ಎಷ್ಟು ಹಿಂದಕ್ಕೆ ತಂದ್ರೆ ಹಗೇವು ಉಳಿಯತ್ತೆ?"

ಅಳೆದು ನೋಡಿದೆ. "ಮೂರಡಿ."

"ಮೂರಡಿ ಚಿಕ್ಕ ಮನೆ. ಸಾಕು. ಅವರನ್ನೊಂದು ಮಾತು ಕೇಳು."

ಕೇಳಿದೆ. ಆ ಮೂರು ವಾರದಲ್ಲಿ ನಾನು ಅಲ್ಲಿ ಯಾರನ್ನಾದರೂ ಹೀಗೆ ಕೇಳಿದ್ದು ಅದೇ ಮೊದಲು. "ಎಲ್ಲಿಗೆ ಹಾಕಲಿ ನಂಜಮ್ಮ, ನೀನೇ ತೋರಿಸು." ಅವಳು ಬಂದು ಕಾಲಿನಿಂದ ಮಣ್ಣಿನಲ್ಲಿ ಗೆರೆ ಎಳೆದಳು. ನನ್ನ ಅಳತೆಗೂ ಅವಳ ಗೆರೆಗೂ ನಾಲ್ಕು ಬೆರಳು ವ್ಯತ್ಯಾಸ ಇತ್ತು. ಅವಳ ಗೆರೆಯ ಮೇಲೇ ದಾರ ಕಟ್ಟಿದೆ.

ಕ್ರಿಸ್‌ಮಸ್‌ಗೆ ಮನೆ ಮುಗಿಯಲಿಲ್ಲ. ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಹಬ್ಬ ಮುಗಿಸಿ ಪೀಟರ್ ಭಾನುವಾರ ಭಾನುವಾರ ಬಂದ, ನಾನೂ ಬಂದೆ. ಮೇಸ್ತ್ರಿಗೆ ಹೇಳಲಿಲ್ಲ. ಫೆಬ್ರವರಿಯಲ್ಲಿ ಹೆಂಚು ಹೊದಿಸಿದೆವು. ಮನೆ ಮೂರಡಿ ಚಿಕ್ಕದಾದ್ದರಿಂದ ಇಟ್ಟಿಗೆ ಸ್ವಲ್ಪ ಉಳಿಯಿತು. ಅದನ್ನು ಚಿಕ್ಕಣ್ಣನಿಗೆ ಹಾಕಿದೆವು. ಎರಡು ಗೋಡೆಗೆ ಸಾಕಾಯಿತು, ಉಳಿದೆರಡನ್ನು ಅವನೇ ಮಣ್ಣಿನಲ್ಲಿ ಹಾಕಿಕೊಂಡು ಹುಲ್ಲು ಹೊದಿಸಿದ. ಮನೆ ಅಂತ ಅದನ್ನು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನು ಅವನೇ, ಎಲ್ಲರಿಗಿಂತ ಕಡಿಮೆ ಸಿಕ್ಕಿದ್ದೂ ಅವನಿಗೇ. ಹತ್ತು ಜನರ ಮುಂದೆ ಕಳ್ಳ ಎಂದದ್ದಕ್ಕೆ ತಪ್ಪಾಯಿತು ಅಜ್ಜ ಎಂದೆ. "ಆ ಇಟ್ಟಿಗೆ ಈ ಕಡೆ ಕೊಡು" ಎಂದ. ಒಂದು ಮಾತು ಹೇಳಿದ್ದರೆ ಮನೆ ಅವನದಾಗುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ನಾಲ್ಕು ವರ್ಷದಿಂದ ಯೋಚಿಸುತ್ತಿದ್ದೇನೆ. ವಾಡಿಕೆ ಎಂದ. ನನಗೆ ಅಷ್ಟು ಸಾಲದು.

ಈಗ ನಾನೇ ನಾಲ್ಕು ಜನರನ್ನು ಇಟ್ಟುಕೊಂಡು ಬನಶಂಕರಿ ಕಡೆ ಕೆಲಸ ಹಿಡಿಯುತ್ತೇನೆ. ಅಲ್ಲಿ ಹೊಲಗಳೆಲ್ಲ ಸೈಟಾಗುತ್ತಿವೆ. ಪಾಯ ಅಗೆಯುವ ಮೊದಲು ಆ ನೆಲದಲ್ಲಿ ಹಿಂದೆ ಇದ್ದವರನ್ನು ಹುಡುಕಿ, ಕೂರಿಸಿ, ಇಲ್ಲಿ ಏನಿತ್ತು ಎಂದು ಕೇಳುತ್ತೇನೆ. ಏನೂ ಇಲ್ಲ ಎಂದರೂ ತಕ್ಷಣ ಏಳುವುದಿಲ್ಲ. ಇನ್ನೊಂದು ಗಳಿಗೆ ಕೂರುತ್ತೇನೆ. ಅಲ್ಲಿ ಬೇಡ ಎಂದು ಯಾರಾದರೂ ಹೇಳಿ, ಕಾರಣ ದಿನಕ್ಕೊಂದು ಕೊಟ್ಟರೆ, ಮೊದಲು ಅದನ್ನು ಸುಳ್ಳು ಎಂದು ತಳ್ಳಿಹಾಕುತ್ತಿದ್ದೆ. ಈಗ ಹಾರೆ ಕೆಳಗಿಡುತ್ತೇನೆ. ಕಾರಣ ಸುಳ್ಳಿರಬಹುದು, ಬೇಡ ಅನ್ನುವುದು ಸುಳ್ಳಲ್ಲ. ಸೈಟಿನವರು ತಡ ಆಯಿತು ಎಂದು ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ.